ನೋಡಲು ಬರುವವರೂ ದುಡಿಯುವ ನಾವೂ

(ತೋಟ ಕಾರ್ಮಿಕ ಕುಟುಂಬಗಳ ಭಾನುವಾರದ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ಕೂಟ ಶುರುವಾಗುವ ಮುಂಚೆ ಬಂದವರನ್ನು ಎಣಿಸಿ ನೋಡಿದೆವು. ಹೋದ ತಿಂಗಳಿಗಿಂತ ಕಡಿಮೆ. ಕಾರಣವೇನೆಂದು ಯಾರನ್ನೂ ಕೇಳಬೇಕಾಗಿಲ್ಲ. ಇದು ಸೀಸನ್ನು. ಭಾನುವಾರ ನಮಗೆ ಬಿಡುವಿನ ದಿನವಾದರೆ ಲಾಡ್ಜುಗಳಿಗೆ ಅದೇ ದೊಡ್ಡ ದಿನ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಈ ಹೊತ್ತಿಗೆ ಜೀಪು ಓಡಿಸುತ್ತಿದ್ದಾರೆ, ಪಾತ್ರೆ ತೊಳೆಯುತ್ತಿದ್ದಾರೆ. ಮೊದಲು ಈ ಬೆಂಚಿನ ಮೇಲೆ ಕುಳಿತು ಹಾಡುತ್ತಿದ್ದ ಹೆಣ್ಣುಮಕ್ಕಳು ಯಾರದೋ ರೂಮಿನಲ್ಲಿ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದಾರೆ. ಅವರನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ತೋಟದ ಸಂಬಳದಲ್ಲಿ ಮನೆ ನಡೆಯುತ್ತಿದ್ದರೆ ಅವರು ಏಕೆ ಹೋಗುತ್ತಿದ್ದರು?

ಪ್ರವಾಸೋದ್ಯಮದಿಂದ ನಮ್ಮ ಬಾಳಿಗೆ ಏನಾಗುತ್ತಿದೆ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಹಿರಿಯರು ಹೇಳಿದ್ದಾರೆ. ಆದರೆ ದೊಡ್ಡ ಮಾತಿಗೆ ಹೋಗುವ ಮುಂಚೆ ನಮ್ಮ ಎದುರಿಗಿರುವ ಚಿಕ್ಕ ವಿಷಯವನ್ನೇ ಹೇಳಿಬಿಡುತ್ತೇವೆ. ಮೂರು ವಾರದ ಹಿಂದೆ ಮೇಲಿನ ಲೈನಿಗೆ ಒಂದು ಕಾಗದ ಬಂತು. ಮೇಲಿನ ಲೈನೆಂದರೆ ಕಣಿವೆ ಚೆನ್ನಾಗಿ ಕಾಣುವ ಜಾಗ. ಅಲ್ಲಿರುವುದು ಹದಿನಾಲ್ಕು ಸಂಸಾರ. ಕಾಗದ ಇಂಗ್ಲಿಷಿನಲ್ಲಿತ್ತು. ಲೈನು ರಿಪೇರಿಗೆ ಎಂದು ಹೇಳಿ ರುಜು ಕೇಳಿದರು. ಐದು ಮನೆಯವರು ರುಜು ಹಾಕಿದರು, ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಆರನೆಯ ಮನೆಯಲ್ಲಿ ಹತ್ತನೇ ಕ್ಲಾಸು ಓದುವ ಹುಡುಗಿಯೊಬ್ಬಳು, "ಕೊಡಿ, ಓದಿ ನೋಡುತ್ತೇನೆ" ಎಂದಳು. ಅದರಲ್ಲಿ ರಿಪೇರಿ ಎಂಬ ಮಾತೇ ಇರಲಿಲ್ಲ. ನಮ್ಮ ಸ್ವಂತ ಇಷ್ಟದಿಂದ ಈ ಮನೆಗಳನ್ನು ಬಿಟ್ಟು ಕೆಳಗಿನ ಲೈನಿಗೆ ಹೋಗುತ್ತೇವೆ, ಮುಂದೆ ಯಾವ ತಕರಾರೂ ಮಾಡುವುದಿಲ್ಲ ಎಂದು ಬರೆದಿತ್ತು. ಹಳೆಯ ಬಂಗಲೆಗೆ ಸುಣ್ಣ ಹೊಡೆದು ಅತಿಥಿಗಳನ್ನು ಇಳಿಸಲು ಶುರುಮಾಡಿ ಒಂದು ವರ್ಷವಾಯಿತು. ಈಗ ಬಂಗಲೆಯ ಕಿಟಕಿಯಿಂದ ನೋಡುವವರಿಗೆ ನಾವು ಒಣಹಾಕಿದ ಸೀರೆ ಕಾಣಬಾರದು. ಸಂಗತಿ ಇಷ್ಟೇ.

ಆ ಹುಡುಗಿಗೆ ಆಗ ನಾವು ಯಾರೂ ಭೇಷ್ ಎನ್ನಲಿಲ್ಲ. ಇಲ್ಲಿ ಹೇಳಿಬಿಡೋಣ.

ಬೆಟ್ಟಕ್ಕೆ ಹೊರಗಿನವರು ಬರುವುದು ಹೊಸದೇನಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದಾಗಿನಿಂದ ಈ ಬೆಟ್ಟ ಬೇರೆಯವರ ಆರೋಗ್ಯಕ್ಕೆ, ಬೇರೆಯವರ ತಂಪಿಗೆ ಬೇಕಾದ ಜಾಗವಾಯಿತು. ಉದಕಮಂಡಲದ ಕೆರೆ ಆತ ಕಟ್ಟಿಸಿದ್ದು. ಮದರಾಸು ಸರಕಾರವೇ ಬೇಸಗೆಯಲ್ಲಿ ಮೇಲಕ್ಕೆ ಬರುತ್ತಿತ್ತು. ಅವರ ಮೂಟೆ ಹೊತ್ತವರು, ದಾರಿ ಕಡಿದವರು, ತೋಟ ಹಾಕಿದವರು ನಮ್ಮಂಥವರೇ. ಮೇಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಉದಕಮಂಡಲಕ್ಕೆ 1908ರಲ್ಲಿ ರೈಲು ಓಡಿತು. ಆ 46 ಕಿಲೋಮೀಟರ್ ಹಳಿಯನ್ನು 2005ರಲ್ಲಿ ಯುನೆಸ್ಕೋದವರು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿದರು. ಸಂತೋಷವೇ. ನಮ್ಮಲ್ಲಿ ಎಷ್ಟು ಮಂದಿ ಆ ರೈಲು ಹತ್ತಿದ್ದೇವೆ? ಕೈ ಎತ್ತಿ. ನಾಲ್ಕು ಜನ. ಇರಲಿ.

ನಡುವಟ್ಟಂನಲ್ಲಿ ಇನ್ನೊಂದು ಜಾಗವಿದೆ. ಇಂಗ್ಲಿಷರ ಕಾಲದಲ್ಲಿ ಸಿಂಕೋನಾ ತೋಟದಲ್ಲಿ ದುಡಿಸಲು ಚೀನೀ ಕೈದಿಗಳನ್ನು ತಂದು ಕೂಡಿಹಾಕಿದ್ದ ಜೈಲು. ಅದು ಈಗ ನೋಡುವ ಸ್ಥಳ. ಬಂದವರು ಒಳಗೆ ಹೋಗಿ ಕಂಬಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ನೋಡಿದಾಗ, ನಮ್ಮ ಲೈನು ಮನೆಗಳೂ ಖಾಲಿಯಾದ ಮೇಲೆ ಹೀಗೆಯೇ ಸುಣ್ಣ ಬಳಿಸಿಕೊಂಡು ಟಿಕೆಟಿಗೆ ತೆರೆದುಕೊಳ್ಳುತ್ತವೆಯೋ ಏನೋ ಎಂಬ ಯೋಚನೆ ಬಂತು.

ಬರುವವರ ಮೇಲೆ ನಮಗೆ ಹಗೆಯಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಬೆಂಗಳೂರಿನಲ್ಲೋ ಕೊಯಮತ್ತೂರಿನಲ್ಲೋ ವರ್ಷವಿಡೀ ಬೆಂದು ಎರಡು ದಿನ ಮಕ್ಕಳನ್ನು ಕರೆದುಕೊಂಡು ಬರುವ ಗುಮಾಸ್ತನೂ ದುಡಿಯುವವನೇ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯಲ್ಲಿ 24ನೆಯ ಕಲಮು ಎಲ್ಲ ಮನುಷ್ಯರಿಗೂ ವಿಶ್ರಾಂತಿ, ಬಿಡುವು, ಮಿತವಾದ ಕೆಲಸದ ಹೊತ್ತು, ಸಂಬಳ ಸಹಿತ ರಜೆ ಇರಬೇಕೆನ್ನುತ್ತದೆ. ಅವನ ರಜೆ ಅವನ ಹಕ್ಕು. ಆದರೆ ಅದೇ ಕಲಮು ಅವನ ರೂಮು ಗುಡಿಸುವ ನಮ್ಮ ಮಗಳಿಗೂ ಸೇರಿದ್ದಲ್ಲವೇ? ಏಪ್ರಿಲಿನಿಂದ ಜೂನಿನವರೆಗೆ ಒಂದು ಭಾನುವಾರವೂ ಇಲ್ಲದೆ ದುಡಿಯುವ ಹುಡುಗಿಗೆ ವಾರದ ರಜೆ ಕೊಡಲೇಬೇಕೆಂದು ಕಾನೂನು ಇದೆ. ಅದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದರೂ, "ಕೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ" ಎನ್ನುತ್ತಾಳೆ.

ಸೀಸನ್ನಿನಿಂದ ನಮಗೆ ಕಾಸು ಬರುವುದಿಲ್ಲವೆಂದರೆ ಸುಳ್ಳಾದೀತು. ಕ್ಯಾರೆಟ್ಟು, ವರ್ಕಿ, ನೀಲಗಿರಿ ತೈಲ ಮಾರಿ ಮಕ್ಕಳ ಫೀಸು ಕಟ್ಟಿದ ತಾಯಂದಿರು ಇಲ್ಲಿಯೇ ಕುಳಿತಿದ್ದಾರೆ. ಜೀಪು ಕೊಂಡು ಸಾಲ ತೀರಿಸಿದ ಒಬ್ಬಿಬ್ಬರಿದ್ದಾರೆ. ತೀರಿಸಲಾಗದೆ ಜೀಪು ಬಿಟ್ಟುಕೊಟ್ಟವರು ಅದಕ್ಕಿಂತ ಹೆಚ್ಚು. ಆದರೆ ಆ ಕಾಸಿನ ಗುಣವನ್ನು 2020ರಲ್ಲಿ ಕಣ್ಣಾರೆ ಕಂಡೆವು. ಮಾರ್ಚಿ ಕೊನೆಯಲ್ಲಿ ಊರು ಮುಚ್ಚಿತು. ಲಾಡ್ಜು ಮುಚ್ಚಿತು, ಜೀಪು ನಿಂತಿತು, ರೂಮಿನ ಹುಡುಗರನ್ನು ಒಂದು ಮಾತಿನಲ್ಲಿ ಮನೆಗೆ ಕಳಿಸಿದರು. ಏಪ್ರಿಲಿನಲ್ಲಿ ಅರ್ಧ ಆಳಿನಿಂದ ತೋಟದ ಕೆಲಸ ನಡೆಸಬಹುದೆಂದು ಸರಕಾರ ಹೇಳಿತು. ಆಗ ಮನೆಗೆ ಅಕ್ಕಿ ತಂದದ್ದು ಚೆಕ್ ರೋಲಿನಲ್ಲಿ ಹೆಸರಿದ್ದ ಅಮ್ಮನೋ ಅತ್ತೆಯೋ. ಪಟ್ಟಣದಲ್ಲಿ ಟೈ ಕಟ್ಟಿಕೊಂಡು ನಿಲ್ಲುತ್ತಿದ್ದ ಮಗ ಅಮ್ಮನ ಹಿಂದೆ ಎಲೆ ಚೀಲ ಹೊರಲು ಹೋದ.

ಚೆಕ್ ರೋಲಿನ ಮಾತು ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು, ಏಕೆಂದರೆ ಮೇಲಿನ ಲೈನಿನ ಕಾಗದಕ್ಕೂ ಇದಕ್ಕೂ ಗಂಟು ಇದೆ.

ನಾವು ಇರುವ ಮನೆ ನಮ್ಮದಲ್ಲ. ಆದರೂ ಅದು ಮಾಲಿಕರು ದಯೆಯಿಂದ ಕೊಟ್ಟದ್ದೂ ಅಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಬಂದಾಗಿನಿಂದ ಕೆಲಸಗಾರನಿಗೂ ಅವನ ಸಂಸಾರಕ್ಕೂ ಮನೆ, ಕುಡಿಯುವ ನೀರು, ಆಸ್ಪತ್ರೆ, ಮಕ್ಕಳನ್ನು ನೋಡಿಕೊಳ್ಳುವ ಜಾಗ ಒದಗಿಸುವುದು ಮಾಲಿಕರ ಹೊಣೆಯಾಯಿತು. ಆ ಕಾಯಿದೆಯನ್ನು 2020ರ ಹೊಸ ಸಂಹಿತೆಯೊಳಗೆ ಸೇರಿಸಿದರು; ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಹೆಸರು ಬದಲಾಗಿದೆ, ತೋಟದವರಿಗೆ ಮನೆ ಕೊಡಬೇಕೆಂಬ ಹೊಣೆ ಅದರಲ್ಲಿಯೂ ಇದೆ. ಹಳೆಯ ಕಾನೂನು ಹೋಯಿತು, ಇನ್ನು ನಿಮಗೆ ಏನೂ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಈ ಮನೆ ಕಟ್ಟಿಹಾಕಿರುವುದು ತೋಟದ ಕೆಲಸಕ್ಕೆ. ಹೆಸರು ರೋಲಿನಲ್ಲಿ ಇರುವವರೆಗೆ ಮನೆ. ಒಂದು ಮನೆಯಲ್ಲಿ ತಾಯಿ ಎಲೆ ಕೀಳುತ್ತಾರೆ, ಮಗ ಲಾಡ್ಜಿನಲ್ಲಿ, ಸೊಸೆ ಅಂಗಡಿಯಲ್ಲಿ. ಈ ಹೊತ್ತಿಗೆ ಮೂರು ಸಂಬಳ ಬರುತ್ತದೆ, ಒಳ್ಳೆಯದೇ. ತಾಯಿಗೆ ವಯಸ್ಸಾಗಿ ಪೇರು ಹೋದ ದಿನ ಆ ಮನೆಯಲ್ಲಿ ತೋಟದ ಕೆಲಸಗಾರ ಒಬ್ಬನೂ ಇಲ್ಲ. ಆಗ ಮನೆ ಬಿಡಿ ಎನ್ನುತ್ತಾರೆ. ಮೂರು ತಲೆಮಾರು ಹುಟ್ಟಿ ಸತ್ತ ಮನೆ. ಲಾಡ್ಜಿನ ಮಾಲಿಕ ಮನೆ ಕೊಡುವುದಿಲ್ಲ, ಅವನಿಗೆ ಆ ಹೊಣೆಯೂ ಇಲ್ಲ. ಪಟ್ಟಣದಲ್ಲಿ ಬಾಡಿಗೆಗೆ ಹೋಗೋಣವೆಂದರೆ ಒಳ್ಳೆಯ ಮನೆಗಳೆಲ್ಲ ದಿನಬಾಡಿಗೆಗೆ ಪ್ರವಾಸಿಗಳ ಪಾಲಾಗಿವೆ. ಹೀಗೆ ತೋಟವೂ ಕೈ ಬಿಟ್ಟು, ಟೂರಿಸ್ಟೂ ಕೈ ಬಿಟ್ಟು, ನಡುವೆ ನಿಲ್ಲುವವರು ನಾವು.

ಇನ್ನೊಂದು ಇದೆ. ತೋಟದ ಬಂಗಲೆಯಲ್ಲಿ ಅತಿಥಿಗಳ ಕೆಲಸಕ್ಕೆ ನಮ್ಮವರನ್ನೇ ಕರೆಯುತ್ತಾರೆ. ಕರೆದಾಗ ಕೇಳಬೇಕಾದ ಮಾತು ಒಂದೇ: ನಮ್ಮ ಹೆಸರು ಯಾವ ಪುಸ್ತಕದಲ್ಲಿ? ತೋಟದ ರೋಲಿನಲ್ಲಿಯೇ ಇಟ್ಟು ಬೇರೆ ಕೆಲಸ ಮಾಡಿಸುತ್ತಾರೆಯೇ, ಅಥವಾ ರೋಲಿನಿಂದ ತೆಗೆದು ಕಂಟ್ರಾಕ್ಟರನ ಪುಸ್ತಕಕ್ಕೆ ಹಾಕುತ್ತಾರೆಯೇ? ಹೊಸ ಪುಸ್ತಕದಲ್ಲಿ ನಾವು ನಿನ್ನೆ ಸೇರಿದ ಆಳು. ಇಪ್ಪತ್ತು ವರ್ಷದ ಸರ್ವೀಸು ಅಲ್ಲಿ ಸೊನ್ನೆ. ಗ್ರಾಚುಯಿಟಿಯನ್ನು ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಲೆಕ್ಕ ಹಾಕುವಾಗ ಈ ಸೊನ್ನೆಯ ಬೆಲೆ ಎಷ್ಟೆಂದು ಮನೆಗೆ ಹೋಗಿ ಲೆಕ್ಕ ಮಾಡಿ ನೋಡಿ. ಸಮವಸ್ತ್ರ ಚೆನ್ನಾಗಿದೆ, ಬಿಸಿಲಿಲ್ಲ, ಜಿಗಣೆಯಿಲ್ಲ ಎಂದು ಸಂತೋಷಪಟ್ಟು ಹೋದ ಇಬ್ಬರು ಅಕ್ಕಂದಿರಿಗೆ ಹೀಗೆಯೇ ಆಯಿತು. ಅವರು ಇಲ್ಲಿ ಇಲ್ಲ. ಅವರ ಹೆಸರು ಹೇಳುವುದೂ ಬೇಡ.

ಈಗ ನೆಲದ ಮಾತು. ಕೇರಳದ 1963ರ ಭೂಸುಧಾರಣಾ ಕಾಯಿದೆ ಯಾರ ಬಳಿ ಎಷ್ಟು ನೆಲ ಇರಬಹುದೆಂದು ಮಿತಿ ಹಾಕಿತು, ಆದರೆ ಚಹ, ಕಾಫಿ, ಏಲಕ್ಕಿ, ರಬ್ಬರ್ ತೋಟಗಳನ್ನು ಮಿತಿಯಿಂದ ಹೊರಗಿಟ್ಟಿತು. ತಮಿಳುನಾಡಿನ 1961ರ ಕಾಯಿದೆಯೂ ತೋಟಗಳಿಗೆ ವಿನಾಯಿತಿ ಕೊಟ್ಟಿತು. ಏಕೆ? ತೋಟವನ್ನು ತುಂಡು ಮಾಡಿದರೆ ಬೆಳೆ ಕೆಡುತ್ತದೆ, ಸಾವಿರಾರು ಜನರ ಕೆಲಸ ಹೋಗುತ್ತದೆ ಎಂದು. ಅಂದರೆ ಅಷ್ಟು ದೊಡ್ಡ ನೆಲ ಒಬ್ಬರ ಕೈಯಲ್ಲಿ ಉಳಿದದ್ದಕ್ಕೆ ಒಂದು ಕಾರಣ ನಮ್ಮ ದುಡಿಮೆ. ಬಡ ರೈತನಿಗೆ ಹಂಚಬಹುದಾಗಿದ್ದ ನೆಲ ನಮ್ಮ ಹೆಸರಿನಲ್ಲಿ ಉಳಿಯಿತು. ಆಮೇಲೆ ಕೇರಳದಲ್ಲಿ 2012ರ ತಿದ್ದುಪಡಿ ಬಂದು ಅಂಥ ನೆಲದಲ್ಲಿ ನೂರಕ್ಕೆ ಐದು ಭಾಗವನ್ನು ಪ್ರವಾಸೋದ್ಯಮ ಮುಂತಾದ ಕೆಲಸಕ್ಕೆ ಬಳಸಬಹುದೆಂದಾಯಿತು. ಪಶ್ಚಿಮ ಬಂಗಾಳದಲ್ಲಿ 2019ರ ಟೀ ಟೂರಿಸಂ ನೀತಿ ನೂರಕ್ಕೆ ಹದಿನೈದರಷ್ಟು ನೆಲವನ್ನು ಬಿಟ್ಟುಕೊಟ್ಟಿತು. 2025ರಲ್ಲಿ ಅದನ್ನು ಮೂವತ್ತಕ್ಕೆ ಏರಿಸುವುದಾಗಿ ಸರಕಾರ ಹೇಳಿದಾಗ ದಾರ್ಜಿಲಿಂಗ್ ಕಡೆಯ ತೋಟದವರು ವಿರೋಧಿಸಿದರು. ಹದಿನೈದರ ನೀತಿಯಲ್ಲಿ ಕೆಲಸದಲ್ಲಿ ನೂರಕ್ಕೆ ಎಂಬತ್ತು ಸ್ಥಳೀಯರಿಗೆ ಕೊಡಬೇಕೆಂಬ ಷರತ್ತಾದರೂ ಇತ್ತು. ಐದೋ ಮೂವತ್ತೋ, ಯಾವ ಐದು ಎಂಬುದೇ ನಮ್ಮ ಪ್ರಶ್ನೆ. ಜೌಗಿನಲ್ಲಿರುವ ಐದು ಭಾಗವನ್ನು ಯಾರೂ ರಿಸಾರ್ಟಿಗೆ ಕೊಡುವುದಿಲ್ಲ. ನೀರಿನ ಊಟೆಯಿರುವ, ದಾರಿ ಹತ್ತಿರವಿರುವ, ಕಣಿವೆ ಕಾಣುವ ಜಾಗ ಬೇಕು. ನಮ್ಮ ಹಿರಿಯರೂ ನೀರು, ದಾರಿ ನೋಡಿಯೇ ಅಲ್ಲಿ ಲೈನು ಕಟ್ಟಿದ್ದರು.

ರಾಜ ಅಹಾಬನಿಗೆ ಅರಮನೆಯ ಮಗ್ಗುಲಲ್ಲಿದ್ದ ನಾಬೋತನ ದ್ರಾಕ್ಷೇತೋಟ ಏಕೆ ಬೇಕಾಯಿತೆಂದು ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಹಸಿವಿಗಲ್ಲ, ಹತ್ತಿರವಿತ್ತೆಂದು. ಬೇರೆ ತೋಟ ಕೊಡುತ್ತೇನೆಂದು ಅವನೂ ಹೇಳಿದ್ದ.

ಮುನ್ನಾರಿನ ಮಾತನ್ನು ಇಲ್ಲಿ ಹೇಳದಿದ್ದರೆ ಆಗದು. ಅಲ್ಲಿಯ ಹಸಿರು ತೋಟದ ಪಟವಿಲ್ಲದ ಕೇರಳ ಪ್ರವಾಸದ ಪುಸ್ತಕ ಸಿಗುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ ನಗುವ ಹೆಂಗಸಿನ ಚಿತ್ರವೂ ಇರುತ್ತದೆ. 2015ರ ಸೆಪ್ಟೆಂಬರಿನಲ್ಲಿ ಅದೇ ಹೆಂಗಸರು ಸಾವಿರಾರು ಮಂದಿ ತೋಟ ಬಿಟ್ಟು ಬಂದು ಮುನ್ನಾರಿನ ರಸ್ತೆಯಲ್ಲಿ ಕುಳಿತರು. ಆಗ ಅವರ ದಿನಗೂಲಿ 232 ರೂಪಾಯಿ. ಬೋನಸ್ಸನ್ನು ನೂರಕ್ಕೆ ಇಪ್ಪತ್ತರಿಂದ ಹತ್ತಕ್ಕೆ ಇಳಿಸಿದ್ದರು. ದೊಡ್ಡ ಯೂನಿಯನ್ನುಗಳ ಮುಖಂಡರನ್ನು ಹತ್ತಿರಕ್ಕೂ ಬಿಟ್ಟುಕೊಳ್ಳದೆ ಒಂಬತ್ತು ದಿನ ಕುಳಿತರು. ಪೊಂಬಿಳೈ ಒರುಮೈ, ಹೆಂಗಸರ ಒಗ್ಗಟ್ಟು, ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಪ್ರವಾಸಿಗಳ ಬಸ್ಸು, ಕಾರು ಎಲ್ಲ ನಿಂತವು. ಇಪ್ಪತ್ತರ ಬೋನಸ್ಸು ಮರಳಿ ಸಿಕ್ಕಿತು. ಕೂಲಿ ಆಮೇಲಿನ ಮಾತುಕತೆಯಲ್ಲಿ 301 ರೂಪಾಯಿಗೆ ಬಂತು, ಅವರು ಕೇಳಿದ್ದು 500. ಪೂರ್ತಿ ಗೆದ್ದರೆಂದು ಹೇಳಲಾಗದು. ಆದರೆ ಪಟದಲ್ಲಿ ಮಾತ್ರ ನೋಡಿದ್ದ ಹೆಂಗಸು ಬಾಯಿ ಬಿಟ್ಟು ಲೆಕ್ಕ ಕೇಳಿದ್ದನ್ನು ಜನ ಆ ಒಂಬತ್ತು ದಿನ ನೋಡಿದರು.

ಅದೇ ಮುನ್ನಾರಿನ ಹತ್ತಿರ ರಾಜಮಲೆ. ವರೆಯಾಡು ಎಂಬ ಕಾಡುಮೇಕೆಯನ್ನು ನೋಡಲು ವರ್ಷವೂ ಲಕ್ಷಗಟ್ಟಲೆ ಜನ ಬರುವ ಜಾಗ. ಅದರಾಚೆಗೆ ಪೆಟ್ಟಿಮುಡಿ. 2020ರ ಆಗಸ್ಟ್ 6ರ ರಾತ್ರಿ ಗುಡ್ಡ ಕುಸಿದು ಅಲ್ಲಿಯ ಲೈನು ಮನೆಗಳನ್ನು ಹೂತುಹಾಕಿತು. 70 ಜನ ಹೋದರು. ಕರೆಂಟಿಲ್ಲ, ಫೋನಿಲ್ಲ, ಹೊರಗಿನವರಿಗೆ ಸುದ್ದಿ ಮುಟ್ಟುವಾಗ ಬೆಳಗಾಗಿತ್ತು. ಮರುದಿನವೇ ಕರಿಪುರದಲ್ಲಿ ವಿಮಾನ ಬಿತ್ತು. ಸರಕಾರ ಮೊದಲು ಸಾರಿದ ಪರಿಹಾರ, ವಿಮಾನದಲ್ಲಿ ಸತ್ತವರಿಗೆ ಹತ್ತು ಲಕ್ಷ, ಲೈನಿನಲ್ಲಿ ಸತ್ತವರಿಗೆ ಐದು ಲಕ್ಷ. ವಿಮಾನದವರಿಗೆ ಹೆಚ್ಚಾಯಿತೆಂದು ನಾವು ಹೇಳುವುದಿಲ್ಲ. ದೇವರೇ, ಯಾರ ಪ್ರಾಣಕ್ಕೂ ಹಾಗೆ ಹೇಳಬಾರದು. ಆ ಎರಡು ಸಂಖ್ಯೆಯ ನಡುವಿನ ಐದು ಲಕ್ಷ ಎಲ್ಲಿಂದ ಬಂತೆಂದು ಮಾತ್ರ ಕೇಳುತ್ತೇವೆ.

ವಯನಾಡು ನಮಗೆ ಇನ್ನೂ ಹತ್ತಿರ. 2024ರ ಜುಲೈ 30ರ ನಸುಕಿನಲ್ಲಿ ಪುಂಜಿರಿಮಟ್ಟ, ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಪಾಡಿಗಳೂ ಹೋದವು. ನಮ್ಮ ಕೂಟದವರ ನೆಂಟರು ಅಲ್ಲಿದ್ದರು. ಅಷ್ಟು ಮಳೆ ಸುರಿದಾಗ ಗುಡ್ಡ ಇಳಿದದ್ದಕ್ಕೆ ರಿಸಾರ್ಟೇ ಕಾರಣವೆಂದು ಹೇಳುವಷ್ಟು ತಿಳಿವಳಿಕೆ ನಮಗಿಲ್ಲ. ಅಪಾಯದ ಇಳಿಜಾರಿನಲ್ಲಿ ಕಟ್ಟುತ್ತಾ ಹೋಗಬೇಡಿ ಎಂದು 2011ರಲ್ಲಿಯೇ ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮ ಘಟ್ಟದ ಬಗ್ಗೆ ಎಚ್ಚರಿಸಿತ್ತು ಎಂಬುದನ್ನು ಬಲ್ಲೆವು. ಉಳಿದವರಿಗೆ ಊರು ಕಟ್ಟಲು ಕಲ್ಪೆಟ್ಟದ ಬಳಿ ಒಂದು ತೋಟವನ್ನು ಸರಕಾರ ತೆಗೆದುಕೊಂಡಿತು. ಆ ತೋಟದ ಕೆಲಸಗಾರರು ತಮಗೆ ಬರಬೇಕಾದ ಪಿ.ಎಫ್., ಗ್ರಾಚುಯಿಟಿ ಬಾಕಿಯನ್ನು ಕೇಳಿ ನಿಂತರು. ಕೆಲವರು ಅದನ್ನು ಕಲ್ಲೆದೆ ಎಂದರು. ನಮಗೆ ಹಾಗೆ ಅನ್ನಿಸಲಿಲ್ಲ. ಮನೆ ಕಳೆದುಕೊಂಡ ಬಡವರಿಗೆ ಜಾಗ ಮಾಡಿಕೊಡುವ ಭಾರವನ್ನೂ ಬಡವರ ಬಾಕಿಯಿಂದಲೇ ತೆಗೆಯಬೇಕೇ?

ಮಸಿನಗುಡಿ ಕಡೆಯವರು ಇಬ್ಬರು ಮೂವರು ಬಂದಿದ್ದಾರೆ. ಸೀಗೂರಿನ ಕಥೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆನೆಗಳ ದಾರಿಯೆಂದು 2010ರಲ್ಲಿ ಸರಕಾರ ಗುರುತಿಸಿತು, 2011ರಲ್ಲಿ ಮದರಾಸು ಹೈಕೋರ್ಟು ಎತ್ತಿಹಿಡಿಯಿತು, 2018ರಲ್ಲಿ ಸುಪ್ರೀಂ ಕೋರ್ಟಿನ ಮಾತಿನಂತೆ ರಿಸಾರ್ಟುಗಳಿಗೆ ಬೀಗ ಬಿತ್ತು, 2020ರಲ್ಲಿ ಕೊನೆಯ ತೀರ್ಪು ಬಂತು. ಆನೆಗೆ ಆದ ಅನ್ಯಾಯ ಸಣ್ಣದಲ್ಲ. 2021ರ ಜನವರಿಯಲ್ಲಿ ಅಲ್ಲಿ ಉರಿಯುವ ಬಟ್ಟೆ ಎಸೆದು ಒಂದು ಆನೆಯನ್ನು ಸುಟ್ಟು ಕೊಂದದ್ದನ್ನು ದೇಶವೇ ನೋಡಿತು. ಬೀಗ ಹಾಕಿದ್ದು ಸರಿಯೇ. ಆದರೆ ರಿಸಾರ್ಟು ಕಟ್ಟಿಸಿದವನಿಗೆ ವಕೀಲನಿದ್ದ. ಅಲ್ಲಿ ಅಡುಗೆ ಮಾಡುತ್ತಿದ್ದ, ತೋಟ ಗುಡಿಸುತ್ತಿದ್ದ, ರಾತ್ರಿ ಕಾವಲಿದ್ದ ಇರುಳರ, ಕುರುಬರ, ನಮ್ಮ ಹುಡುಗರಿಗೆ ಮರುದಿನದಿಂದ ಕೆಲಸವಿಲ್ಲ. ತಪ್ಪು ಜಾಗದಲ್ಲಿ ಕಟ್ಟಿದವರು ಬೇರೆ, ಹಸಿದವರು ಬೇರೆ. ಅಕ್ರಮವಾಗಿ ಕಟ್ಟಿದ ಕಟ್ಟಡದಲ್ಲಿ ಕೆಲಸಕ್ಕೆ ಸೇರುವ ಮುಂಚೆ ಯೋಚಿಸಿ ಎಂದು ಹೇಳುವುದು ಸುಲಭ. ಅದು ಅಕ್ರಮವೆಂದು ಗೋಡೆಯ ಮೇಲೆ ಬರೆದಿರುವುದಿಲ್ಲ.

ಗೋವಾದಲ್ಲಿಯೂ ನಮ್ಮ ಭಾಷೆಯವರು ಇದೇ ಬವಣೆಯಲ್ಲಿದ್ದಾರೆ. ಗದಗ, ವಿಜಯಪುರ, ಬಾಗಲಕೋಟೆ ಕಡೆಯಿಂದ ಹೋದ ಲಂಬಾಣಿ ಹೆಂಗಸರು ಕಡಲ ಮರಳಿನ ಮೇಲೆ ಮಣಿಸರ, ಕಸೂತಿಯ ಬಟ್ಟೆ ಮಾರುತ್ತಾರೆ. ಪ್ರವಾಸಿಗಳು ಅವರ ಉಡುಪಿನ ಫೋಟೋ ತೆಗೆಯುತ್ತಾರೆ. 2001ರಲ್ಲಿ ಅಲ್ಲಿ ಪ್ರವಾಸಿ ಸ್ಥಳಗಳ ರಕ್ಷಣೆಗೆಂದು ಬಂದ ಕಾಯಿದೆ ಅವರ ಮಾರಾಟವನ್ನೇ ಉಪದ್ರವವೆಂದು ಕರೆಯಿತು. 2025ರಲ್ಲಿ ದಂಡವನ್ನು ಇನ್ನೂ ಏರಿಸಿದರು. ಉಡುಪು ನೋಡಲು ಚೆಂದ, ಅದನ್ನು ಉಟ್ಟವಳು ಉಪದ್ರವ! ನಮ್ಮ ಪಟ್ಟಣಗಳಲ್ಲಿಯೂ ಸೀಸನ್ ಬಂತೆಂದರೆ ಬುಟ್ಟಿಯವರನ್ನು ಎಬ್ಬಿಸುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಸರ್ವೆ ಮಾಡಿ ಚೀಟಿ ಕೊಡುವವರೆಗೆ ಎಬ್ಬಿಸುವಂತಿಲ್ಲ. ವ್ಯಾಪಾರದ ಸಮಿತಿಯಲ್ಲಿ ನೂರಕ್ಕೆ ನಲವತ್ತು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ಪಟ್ಟಣದಲ್ಲಿ ಬುಟ್ಟಿ ಇಡುವ ಅಕ್ಕಂದಿರು ಮುನ್ಸಿಪಾಲಿಟಿಗೆ ಹೋಗಿ ಈ ಸಮಿತಿಯಲ್ಲಿ ಯಾರಿದ್ದಾರೆ ಎಂದು ಒಂದು ಸಲ ಕೇಳಬೇಕು.

ರಸ್ತೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷದ ಹಿಂದಿನ ಮೇ ತಿಂಗಳಿನಲ್ಲಿ ನಮ್ಮ ಲೈನಿನ ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಹನ್ನೊಂದು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು. ಮಗು ದಾರಿಯಲ್ಲೇ ಹುಟ್ಟಿತು, ಕ್ಷೇಮವಾಗಿದೆ. ಅಗೋ, ಹಿಂದೆ ಅಜ್ಜಿಯ ತೊಡೆಯ ಮೇಲೆ ಮಲಗಿದೆ. ಮದರಾಸು ಹೈಕೋರ್ಟಿನ ಅಪ್ಪಣೆಯಂತೆ 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸು ಬಂತು. 2025ರ ಏಪ್ರಿಲಿನಿಂದ ಜೂನಿನವರೆಗೆ ದಿನಕ್ಕೆ 6000 ಗಾಡಿ, ವಾರದ ಕೊನೆಯಲ್ಲಿ 8000 ಎಂದು ಮಿತಿ ಹಾಕಿದರು. ಅಂಗಡಿಯವರು ಬಾಗಿಲು ಮುಚ್ಚಿ ಪ್ರತಿಭಟಿಸಿದರು. ನಮ್ಮಲ್ಲಿಯೂ ಜೀಪಿನವರು ಒಂದು ಮಾತು, ಮನೆಯಲ್ಲಿರುವವರು ಒಂದು ಮಾತು. ಈ ಬೆಟ್ಟ ಎಷ್ಟು ಜನರನ್ನು ಹೊರಬಲ್ಲದು ಎಂದು ಕೋರ್ಟು ಕೇಳಿದ ಪ್ರಶ್ನೆ ಒಳ್ಳೆಯದೇ. ಉತ್ತರ ಕೊಡುವಾಗ ನಮ್ಮನ್ನೂ ಕೇಳಿದ್ದರೆ ಚೆನ್ನಾಗಿತ್ತು.

ಹೆಣ್ಣುಮಕ್ಕಳ ವಿಷಯ ಸಂಕೋಚದ್ದಾದರೂ ಹೇಳಲೇಬೇಕು. ಎಲೆ ಕೀಳುವಾಗ ಕಾರು ನಿಲ್ಲಿಸಿ, ಕೇಳದೆ ಫೋನು ಹಿಡಿಯುತ್ತಾರೆ. ಸೀರೆ ಮೇಲೆ ಕಟ್ಟಿರುತ್ತೇವೆ, ಬೆವರಿರುತ್ತೇವೆ. "ಬೇಡ" ಎನ್ನುವುದು ಅತಿಥಿಗೆ ಅವಮಾನವಲ್ಲ. ಮೇಸ್ತ್ರಿಯವರೂ, "ನಗಮ್ಮ, ದೂರದಿಂದ ಬಂದಿದ್ದಾರೆ" ಎಂದು ಹೇಳುವುದನ್ನು ಬಿಡಬೇಕು. ಲಾಡ್ಜಿನ ರೂಮಿಗೆ ಒಬ್ಬಳೇ ಹುಡುಗಿಯನ್ನು ರಾತ್ರಿ ಹೊತ್ತು ಕಳಿಸುವುದಂತೂ ಆಗಬಾರದು. 2013ರ ಕಾನೂನಿನ ಪ್ರಕಾರ, ಹತ್ತು ಜನರಿಗಿಂತ ಕಡಿಮೆ ಇರುವ ಕೆಲಸದ ಜಾಗದ ಹೆಣ್ಣೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಗಳು ಬಂದು ಹೇಳಿದರೆ ಮೊದಲು ಅವಳನ್ನು ಬೈಯಬೇಡಿ. ಅಂಗಡಿಯಲ್ಲಿ ಹತ್ತು ಗಂಟೆ ನಿಂತೇ ಇರುವ ಹುಡುಗಿಯರಿಗೂ ಒಂದು ಮಾತು: ಕೂರಲು ಸ್ಟೂಲು ಕೊಡಬೇಕೆಂದು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನೇ ಬಂದಿದೆ. ಕೇರಳದ ಬಟ್ಟೆ ಅಂಗಡಿಯ ಹೆಂಗಸರು ವರ್ಷಗಟ್ಟಲೆ ಹೋರಾಡಿ ತಂದದ್ದು ಅದು.

ಇಷ್ಟೆಲ್ಲ ಕೇಳಿ, ಇದು ನಮ್ಮೊಬ್ಬರ ಗೋಳೋ ಎಂದುಕೊಳ್ಳಬೇಡಿ. 1980ರಲ್ಲಿಯೇ ಏಷ್ಯದ ಸಭೆಗಳವರು ಮನಿಲಾದಲ್ಲಿ ಕೂಡಿ, ಪ್ರವಾಸೋದ್ಯಮದಿಂದ ಬಡ ಊರುಗಳಿಗೆ ಆಗುತ್ತಿದ್ದ ಕೇಡನ್ನು ಮಾತಾಡಿದರು. 1985ರಿಂದ ಬೆಂಗಳೂರಿನಲ್ಲಿ ಈಕ್ವೇಶನ್ಸ್ ಎಂಬ ಸಂಸ್ಥೆ ಇದೇ ವಿಷಯವನ್ನು ಹಿಡಿದು ಕೆಲಸ ಮಾಡಿತು. 1999ರಲ್ಲಿ ವಿಶ್ವ ಪ್ರವಾಸೋದ್ಯಮ ಸಂಸ್ಥೆಯೇ ನೀತಿಸಂಹಿತೆ ಬರೆದು, ಲಾಭದಲ್ಲಿ ಸ್ಥಳೀಯರಿಗೆ ನ್ಯಾಯವಾದ ಪಾಲಿರಬೇಕೆಂದು ಒಪ್ಪಿಕೊಂಡಿತು. ಬರೆದದ್ದು ಬಂಗಲೆಯ ಗೇಟಿನ ಒಳಕ್ಕೆ ಬರಲು ಇನ್ನೂ ದಾರಿ ಸಿಕ್ಕಿಲ್ಲ.

ಈಗ ಮೇಲಿನ ಲೈನಿನ ಕಾಗದಕ್ಕೆ ಬರೋಣ. ಕೆಳಗಿನ ಲೈನನ್ನು ನಾವು ಹೋಗಿ ನೋಡಿ ಬಂದೆವು. ಹನ್ನೆರಡು ಮನೆ, ಹದಿನಾಲ್ಕು ಸಂಸಾರ. ನಾಲ್ಕು ಮನೆಗೆ ಹಿಂದಿನ ಗೋಡೆ ಬಿರಿದಿದೆ. ಹಿಂದೆ ಧರೆ ಕಡಿದ ಜಾಗದಲ್ಲಿ ಮಳೆ ಬಂದಾಗ ಮಣ್ಣು ಒಳಗೆ ಬರುತ್ತದೆಂದು ಹಳೆಯ ಕಾವಲುಗಾರರು ಹೇಳಿದರು. ಪೆಟ್ಟಿಮುಡಿ, ಮುಂಡಕ್ಕೈ ಕೇಳಿದ ಮೇಲೆ ಆ ಧರೆಯ ಕೆಳಗೆ ಮಕ್ಕಳನ್ನು ಮಲಗಿಸಲು ಯಾವ ತಾಯಿಗೆ ಮನಸ್ಸು ಬಂದೀತು? ನೀರಿಗೆ ಒಂದೇ ನಲ್ಲಿ. ಮೇಲಿನ ಊಟೆಯಿಂದ ಬರುವ ಪೈಪನ್ನು ಬಂಗಲೆಯ ಟ್ಯಾಂಕಿಗೆ ತಿರುಗಿಸಿದ್ದಾರೆ.

ಆದ್ದರಿಂದ ಕಮಿಟಿಯವರು ಯೋಚಿಸಿದ್ದು ಹೀಗೆ. ಹೋಗುವುದೇ ಇಲ್ಲವೆಂದು ಹಟ ಹಿಡಿಯುವುದಿಲ್ಲ. ಒಳ್ಳೆಯ ಮನೆ, ಗಟ್ಟಿ ನೆಲ, ನೀರು ಕೊಟ್ಟು, ಮನೆ ತೋಟದ ಕೆಲಸಗಾರರದೇ ಎಂದು ಕನ್ನಡದಲ್ಲೋ ತಮಿಳಿನಲ್ಲೋ ಬರೆದುಕೊಟ್ಟರೆ ಮಾತಿಗೆ ಕೂರುತ್ತೇವೆ. ರುಜು ಹಾಕಿದ ಐದು ಮನೆಯವರ ಮೇಲೆ ಯಾರೂ ಕೈ ತೋರಿಸಬಾರದು. ಓದಿ ಹೇಳದೆ ಪಡೆದ ರುಜುವನ್ನು ಹಿಂದಕ್ಕೆ ಪಡೆಯುತ್ತೇವೆಂದು ಅವರ ಪರವಾಗಿ ಬರೆದ ಅರ್ಜಿ ಸಿದ್ಧವಾಗಿದೆ. ಅದರ ಒಂದು ಪ್ರತಿ ಆಫೀಸಿಗೆ, ಒಂದು ಪ್ರತಿ ತೋಟಗಳ ಇನ್ಸ್‌ಪೆಕ್ಟರರಿಗೆ. ಮಿಕ್ಕ ಒಂಬತ್ತು ಮನೆಯವರು ಯಾವ ಹೊತ್ತಿನಲ್ಲಿ ಯಾರು ಬಂದು ಕೇಳಿದರೂ, "ಕೂಟದಲ್ಲಿ ಓದಿಸಿ ಆಮೇಲೆ ಹೇಳುತ್ತೇವೆ" ಎನ್ನಬೇಕು. ಲಾಡ್ಜಿನಲ್ಲಿರುವ ಮಕ್ಕಳೂ ಇದರಲ್ಲಿ ಸೇರಬೇಕು. ಮನೆ ಅವರದೂ ಹೌದು.

ಬುಧವಾರ ಸಂಜೆ ಎಲೆ ತೂಕ ಮುಗಿದ ಮೇಲೆ, ಆರೂವರೆಗೆ, ಇದೇ ಹಾಲಿನಲ್ಲಿ ಸೇರುತ್ತೇವೆ. ಬರುವಾಗ ರೇಷನ್ ಕಾರ್ಡು, ಪಿ.ಎಫ್. ಚೀಟಿ, ಹಳೆಯ ಸಂಬಳದ ಚೀಟಿಗಳು ಇದ್ದಷ್ಟನ್ನು ತನ್ನಿ. ಎಷ್ಟು ವರ್ಷದಿಂದ ಯಾವ ಮನೆಯಲ್ಲಿ ಇದ್ದೇವೆಂದು ಪ್ರತಿ ಸಂಸಾರದ್ದೂ ಬರೆದುಕೊಳ್ಳಬೇಕಾಗಿದೆ. ಬರೆಯುವ ಕೆಲಸಕ್ಕೆ ಹತ್ತನೇ ಕ್ಲಾಸಿನ ಆ ಹುಡುಗಿ ಒಪ್ಪಿಕೊಂಡಿದ್ದಾಳೆ; ಪರೀಕ್ಷೆ ಹತ್ತಿರವಿದೆ, ಎಂಟು ಗಂಟೆಗೆ ಅವಳನ್ನು ಬಿಟ್ಟುಬಿಡಬೇಕೆಂದು ಅವಳ ತಾಯಿ ಹೇಳಿದ್ದಾರೆ.